ಗುತ್ತಲ ಸೀಮೆಯ ಉಳಿ, ಸಿಮೆಂಟು, ದಾರ

ಗುತ್ತಲದ ಚಂದ್ರಶೇಖರ ದೇವಾಲಯದ ಬಳಿ ಇರುವ ಒಂದು ಶಾಸನ 1539ರ ಬರಗಾಲದಲ್ಲಿ ಸತ್ತವರ ಲೆಕ್ಕ ಹೇಳುತ್ತದೆ: 6,307 ಮಂದಿ. ಮರುಳಯ್ಯ ಒಡೆಯ ಎಂಬವರು ಆ ಹೆಣಗಳನ್ನು ಹೆಡಗೆಯಲ್ಲಿ ಹೊತ್ತು ಮಣ್ಣು ಮಾಡಿದರು ಎಂಬುದು ಅದರ ಸಾರ. ವಿಜಯನಗರದ ಕಾಲದ ಈ ಬರಹವನ್ನು ಪುರಾತತ್ವ ಇಲಾಖೆಯವರು ಓದಿ ಹೊರಗೆ ತಂದಾಗ ಪತ್ರಿಕೆಗಳು ಅದನ್ನು ಇತಿಹಾಸದ ಸುದ್ದಿಯಾಗಿ ಬರೆದವು. ಅದು ನ್ಯಾಯವೇ. ಆದರೆ ಇನ್ನೊಬ್ಬ ಮನುಷ್ಯನೂ ಆ ಕಲ್ಲಿನ ಮುಂದೆ ಕೂತಿದ್ದ. ಊರಿಗೆ ಊರೇ ಬರಿದಾಗಿದ್ದ ಹೊತ್ತಿನಲ್ಲಿ ಸಾಲು ಹಿಡಿದು, ಅಕ್ಷರಕ್ಕೆ ಅಕ್ಷರ ಜೋಡಿಸಿ, ಆ ಅಂಕಿಯನ್ನು ತಪ್ಪದಂತೆ ಕಡೆದವನು. ಅವನ ಹೆಸರು ನಮಗೆ ಬಂದಿಲ್ಲ. ಗುತ್ತಲ ಸೀಮೆಯ ಕಲಾವಿದರನ್ನು ಪರಿಚಯಿಸುವುದಾದರೆ ಅವನನ್ನು ಬಿಟ್ಟು ಹೊರಡುವುದು ಸರಿಯಲ್ಲ.

ಹಾವೇರಿಯಿಂದ ಮೂಡಣಕ್ಕೆ, ತುಂಗಭದ್ರೆಯ ಕಡೆಗೆ ಹೋಗುವ ದಾರಿಯಲ್ಲಿ ಗುತ್ತಲ ಸಿಗುತ್ತದೆ. ಸುತ್ತ ಹತ್ತಿ, ಗೋವಿನಜೋಳದ ಹೊಲಗಳು. ನಡುವೆ ಗೊಬ್ಬರದಂಗಡಿ, ಮಿರ್ಚಿ-ಮಂಡಕ್ಕಿಯ ಹೋಟೆಲು, ಶಾಲೆ ಬಿಟ್ಟ ಮಕ್ಕಳ ಗದ್ದಲ ಎಲ್ಲ ಇರುವ ಹೋಬಳಿ ಪೇಟೆ. ಹನ್ನೆರಡು-ಹದಿಮೂರನೆಯ ಶತಮಾನದಲ್ಲಿ ಇದೇ ಗುತ್ತವೊಳಲು, ಗುತ್ತರೆಂಬ ಮಾಂಡಲಿಕ ಅರಸರ ರಾಜಧಾನಿ. ಅವರು ಕಲ್ಯಾಣದ ಚಾಲುಕ್ಯರಿಗೆ, ಆಮೇಲೆ ಸೇವುಣರಿಗೆ ತಲೆಬಾಗಿ ಈ ಹೊಳೆಸಾಲನ್ನು ಆಳಿದವರು. ತಮ್ಮ ಮೂಲ ಉಜ್ಜಯಿನಿಯ ಚಂದ್ರಗುಪ್ತನವರೆಗೆ ಹೋಗುತ್ತದೆಂದು ಶಾಸನಗಳಲ್ಲಿ ಹೇಳಿಕೊಂಡವರು. ಸಾಮ್ರಾಜ್ಯ ಕಟ್ಟಲಿಲ್ಲ, ದೊಡ್ಡ ಯುದ್ಧ ಗೆದ್ದು ಹೆಸರಾಗಲಿಲ್ಲ. ಅವರ ಕಾಲದಲ್ಲಿ ಈ ನೆಲದಲ್ಲಿ ಉಳಿ ಹಿಡಿದವರು ಮಾತ್ರ ಇವತ್ತಿಗೂ ಮಾತಿಗೆ ಸಿಗುತ್ತಾರೆ.

ಹಾಗೆ ಮಾತಿಗೆ ಸಿಗುವ ಜಾಗ ಚೌಡದಾನಪುರ. ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ಈ ಹಳ್ಳಿ ಗುತ್ತಲಕ್ಕೆ ಹತ್ತಿರ. ಅಂಬಿಗರ ಚೌಡಯ್ಯನ ಊರೆಂದು ಜನ ಭಕ್ತಿಯಿಂದ ಬರುತ್ತಾರೆ. ಹೊಳೆಯ ದಂಡೆಯ ಮೇಲೆ ಮುಕ್ತೇಶ್ವರ ಗುಡಿಯಿದೆ. ಒಂದೇ ಗರ್ಭಗುಡಿ, ಅಳತೆಯಲ್ಲಿ ಸಣ್ಣದು. ಆದರೆ ಗೋಡೆಯ ಒಂದೊಂದು ಮೂಲೆಯೂ ಲೆಕ್ಕ ಹಾಕಿ ಒಳಗೆ ಹೊರಗೆ ಸರಿದಿದೆ. ಬಿಸಿಲು ಸರಿದಂತೆ ಆ ಮೂಲೆಗಳ ನೆರಳು ಬದಲಾಗುತ್ತದೆ, ಗುಡಿಯ ಆಕಾರವೇ ಬೇರೆಯಾದಂತೆ ಕಾಣುತ್ತದೆ. ಇಲ್ಲಿನ ಏಳು ದೊಡ್ಡ ಶಾಸನಗಳು ಗುತ್ತ ಅರಸರ ವಂಶಾವಳಿ, ದಾನದತ್ತಿ, 1225ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಶಿವದೇವನೆಂಬ ಯೋಗಿಯ ಬಾಳು ಎಲ್ಲವನ್ನೂ ಹೇಳುತ್ತವೆ. ಈ ಗುಡಿಯನ್ನು ಕಲ್ಲು ಕಲ್ಲಾಗಿ ಓದಿ ಪುಸ್ತಕ ಮಾಡಿದವರಲ್ಲಿ ಒಬ್ಬರು ಹಾವೇರಿಯಲ್ಲೇ ಹುಟ್ಟಿದ ಶಾಸನತಜ್ಞೆ ವಸುಂಧರಾ ಫಿಲಿಯೋಜಾ. ಪತಿ, ಸಂಸ್ಕೃತ ವಿದ್ವಾಂಸ ಪಿಯೇರ್ ಸಿಲ್ವಾಂ ಫಿಲಿಯೋಜಾ ಅವರ ಜೊತೆ ಸೇರಿ ಅವರು ಬರೆದ ಗ್ರಂಥ 1995ರಲ್ಲಿ ದಿಲ್ಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಿಂದ ಹೊರಬಂತು. ತನ್ನ ಜಿಲ್ಲೆಯ ಒಂದು ಸಣ್ಣ ಗುಡಿಗೆ ಒಬ್ಬ ವಿದುಷಿ ಇಷ್ಟು ಶ್ರಮ ಕೊಟ್ಟಿದ್ದು ಈ ಭಾಗದ ಎಷ್ಟು ಶಾಲೆಗಳಿಗೆ ಗೊತ್ತು? ಗೊತ್ತಾಗಬೇಕು.

ಇಂಥ ಗುಡಿಗಳನ್ನು ಕಡೆದ ಕುಶಲಕರ್ಮಿಗಳಿಗೆ ಸ್ಫೂರ್ತಿ ಎಲ್ಲಿಂದ ಬಂತು ಎಂದು ಕೇಳಿದರೆ ಭಕ್ತಿ, ರಾಜಾಶ್ರಯ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಲ್ಲನ್ನು ಮುಟ್ಟಿ ನೋಡಿದವರಿಗೆ ಮೂರನೆಯ ಉತ್ತರವೂ ಹೊಳೆಯುತ್ತದೆ. ಐಹೊಳೆ, ಪಟ್ಟದಕಲ್ಲಿನವರು ಕಡೆದದ್ದು ಮರಳುಗಲ್ಲನ್ನು. ಅದು ಒರಟು, ದೊಡ್ಡ ದೊಡ್ಡ ತುಂಡುಗಳಲ್ಲಿ ಸಿಗುವಂಥದ್ದು. ಹನ್ನೊಂದನೆಯ ಶತಮಾನದ ನಡುವಿಗೆ ಧಾರವಾಡ ಸೀಮೆಯ ಶಿಲ್ಪಿಗಳು ಬಳಪದ ಕಲ್ಲಿಗೆ ತಿರುಗಿದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಈ ಬದಲಾವಣೆಯ ಮೊದಲ ದೊಡ್ಡ ಉದಾಹರಣೆಯೆಂದು ವಿದ್ವಾಂಸರು ತೋರಿಸುತ್ತಾರೆ. ಗಣಿಯಿಂದ ತೆಗೆದ ಹೊಸದರಲ್ಲಿ ಈ ಕಲ್ಲು ಮೆತ್ತಗೆ, ಗಾಳಿಗೆ ಒಡ್ಡಿದಷ್ಟೂ ಗಟ್ಟಿ. ಚೂಪಾದ ಚಾಣಕ್ಕೆ ಕೂದಲೆಳೆಯ ಗೆರೆಯನ್ನೂ ಬಿಟ್ಟುಕೊಡುತ್ತದೆ. ಕಂಬವನ್ನು ತಿರುಗಿಸುತ್ತ ಉಜ್ಜಿ ಬಳೆ, ಗಂಟೆ, ಕಲಶಗಳ ಆಕಾರ ತೆಗೆಯಬಹುದು. ಮುತ್ತಿನ ಸರ, ಬಳ್ಳಿಯ ಕುಡಿ, ಕೀರ್ತಿಮುಖದ ಬಾಯಿಂದ ಇಳಿಯುವ ಎಲೆ ಇವೆಲ್ಲ ಆ ಕಲ್ಲು ಕೊಟ್ಟ ಸಲಿಗೆಯಿಂದ ಹುಟ್ಟಿದವು. ಕೈಗೆ ಸಿಕ್ಕ ಸಾಮಗ್ರಿ ಏನು ಮಾಡಗೊಡುತ್ತದೆ ಎಂದು ಮೊದಲು ತಿಳಿದುಕೊಂಡು, ಆಮೇಲೆ ತಮ್ಮ ಕಲ್ಪನೆಯನ್ನು ಅದರ ಮೇಲೆ ಬಿಟ್ಟವರು ಅವರು.

ಕೆಲಸ ನಡೆಯುತ್ತಿದ್ದ ಬಗೆಯೂ ಕಲ್ಲಿನಲ್ಲೇ ದಾಖಲಾಗಿದೆ. ಚಾಲುಕ್ಯ, ಹೊಯ್ಸಳ ಗುಡಿಗಳಲ್ಲಿ ಅರ್ಧಕ್ಕೆ ನಿಂತ ಕೆತ್ತನೆಗಳು ಅಲ್ಲಲ್ಲಿ ಸಿಗುತ್ತವೆ. ಸಾಮಾನ್ಯ ಪ್ರವಾಸಿಗರು ಅವನ್ನು ದಾಟಿ ಹೋಗುತ್ತಾರೆ. ಚಿತ್ರ ಕಲಿಯುವವರು ನಿಲ್ಲಬೇಕಾದ್ದು ಅಲ್ಲೇ. ಒರಟು ಕಲ್ಲನ್ನು ಗೋಡೆಗೆ ಏರಿಸಿ ಕೂರಿಸಿದ ಮೇಲೆ ಮೊದಲು ದೊಡ್ಡ ಉಬ್ಬು-ತಗ್ಗು, ಆಮೇಲೆ ಅಂಚು, ಕೊನೆಗೆ ಆಭರಣ ಎಂಬ ಕ್ರಮ ಅವುಗಳಲ್ಲಿ ಕಣ್ಣಿಗೆ ಕಾಣುತ್ತದೆ. ಕಣ್ಣು-ಮೂಗಿನಿಂದ ಚಿತ್ರ ಶುರು ಮಾಡುವ ಇಂದಿನ ಹುಡುಗರಿಗೆ ಇದಕ್ಕಿಂತ ನೇರವಾದ ಸಲಹೆಯನ್ನು ಯಾವ ಗುರುವೂ ಕೊಡಲಾರ.

ಸಹಿ ಹಾಕಿದವರೂ ಇದ್ದಾರೆ. ಹಾವೇರಿ ಜಿಲ್ಲೆಗೆ ತಾಗಿದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಗೆ ಮದನಿಕೆಯರನ್ನು ಕಡೆದು, ಬುಡದಲ್ಲಿ ತಮ್ಮ ಹೆಸರು ಬರೆದರು. ಆ ಮದನಿಕೆಯರ ಪೂರ್ವಜರನ್ನು ನೋಡಬೇಕಾದರೆ ಗುತ್ತಲದ ಕಡೆಯಿಂದ ತುಂಗಭದ್ರೆಯನ್ನು ದಾಟಬೇಕು. ಆಚೆ ದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ ಕಂಬದ ಮೇಲೆ ವಾಲಿ ನಿಂತ ಚೆಲುವೆಯರಿದ್ದಾರೆ, ಮೈಯ ತಿರುವಿನಲ್ಲೇ ಭಾರ ಹಂಚಿಕೊಂಡವರು. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ವಾಸಿಯಾಗದ ಕಾಯಿಲೆಗೆ ಬೇಸತ್ತು 1068ರಲ್ಲಿ ಜಲಸಮಾಧಿಯಾದದ್ದು ಇದೇ ಕುರುವತ್ತಿಯ ಹೊಳೆಯಲ್ಲಿ. ಒಂದೇ ನದಿಯ ಎರಡು ದಂಡೆಗಳಲ್ಲಿ ಇಷ್ಟು ಶಿಲ್ಪ ಬೆಳೆದದ್ದು ಆಕಸ್ಮಿಕ ಅನಿಸುವುದಿಲ್ಲ. ಒಂದು ಗುಡಿಯ ಕೆಲಸ ಮುಗಿಸಿದ ಉಳಿಗಳು ಮುಂದಿನ ಗುಡಿಗೆ ನಡೆದಿವೆ.

ಗಳಗನಾಥಕ್ಕೂ ಹೋಗಬೇಕು. ವರದೆ ತುಂಗಭದ್ರೆಯನ್ನು ಸೇರುವ ಸಂಗಮದಲ್ಲಿ ಹನ್ನೊಂದನೆಯ ಶತಮಾನದ ಗಳಗೇಶ್ವರ ಗುಡಿಯಿದೆ. ಗರ್ಭಗುಡಿಯ ಬುಡಕ್ಕೆ ಸುತ್ತಲೂ ಕಲ್ಲಿನ ಇಳಿಜಾರು ಒತ್ತುಗೋಡೆ ಕಟ್ಟಿದ್ದಾರೆ. ಹಾಗಾಗಿ ಗುಡಿ ಪಿರಮಿಡ್ಡಿನ ಮೇಲೆ ಕೂತಂತೆ ಕಾಣುತ್ತದೆ. ಕನ್ನಡ ಕಾದಂಬರಿಯ ಮೊದಲ ತಲೆಮಾರಿನ ವೆಂಕಟೇಶ ತಿರಕೋ ಕುಲಕರ್ಣಿಯವರು ‘ಗಳಗನಾಥ’ರಾದದ್ದು ಈ ದೇವರ ಹೆಸರಿನಿಂದ.

ಕಲ್ಲಿನಿಂದ ಕಾಗದಕ್ಕೆ ಬರುವಾಗ ನಡುವೆ ದೊಡ್ಡ ಖಾಲಿ ಜಾಗ ಕಾಣುತ್ತದೆ. ಅದನ್ನು ತುಂಬಿದವರು ಇಪ್ಪತ್ತನೆಯ ಶತಮಾನದ ಕಲಾಶಾಲೆಗಳ ಮಾಸ್ತರರು. ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕಲಿತು ಧಾರವಾಡದಲ್ಲಿ ಶಾಲೆ ತೆರೆದ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯ ಎಂ.ವಿ. ಮಿಣಜಗಿ, ಗದಗಿನ ಟಿ.ಪಿ. ಅಕ್ಕಿ ಈ ಮೂವರ ಹೆಸರು ಹೇಳದೆ ಉತ್ತರ ಕರ್ನಾಟಕದ ಚಿತ್ರಕಲೆಯ ಮಾತು ಮುಂದೆ ಹೋಗುವುದಿಲ್ಲ. ಅಂಥ ಶಾಲೆಗಳಲ್ಲಿ ಕಲಿತವರು ಡ್ರಾಯಿಂಗ್ ಮಾಸ್ತರರಾಗಿ ಊರೂರಿನ ಹೈಸ್ಕೂಲುಗಳಿಗೆ ಹೋದರು. ಚಿತ್ರಕಲೆಯ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದರು. ಆ ಪರೀಕ್ಷೆಯ ಜ್ಯಾಮಿತಿಯೆಂದರೆ ಮುಖ ಸಿಂಡರಿಸುವ ಮಕ್ಕಳನ್ನು ಒಮ್ಮೆ ಚೌಡದಾನಪುರದ ಕಂಬಗಳ ಮುಂದೆ ಕೂರಿಸಿ ನೋಡಬೇಕು. ವೃತ್ತ, ಚೌಕ, ಎಂಟುಮೂಲೆ, ಹದಿನಾರುಮೂಲೆ ಒಂದರ ಮೇಲೊಂದು ಕೂತು ಹೇಗೆ ಕಂಬವಾಗುತ್ತವೆ ಎಂದು ಅವರೇ ಎಣಿಸಿಕೊಳ್ಳುತ್ತಾರೆ.

ನಮ್ಮ ಕಾಲದಲ್ಲಿ ಈ ಜಿಲ್ಲೆಯ ದೃಶ್ಯಕಲೆಗೆ ಒಂದು ಮುಖ ಕೊಟ್ಟವರು ಟಿ.ಬಿ. ಸೊಲಬಕ್ಕನವರ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಅವರ ಕನಸಿನ ಕೂಸು. ಹೆಸರು ಚಂಡೀಗಢದ ನೇಕ್ ಚಂದ್ ಅವರ ತೋಟವನ್ನು ನೆನಪಿಸುತ್ತದೆ, ಒಳಗಿನ ಲೋಕ ಮಾತ್ರ ಪೂರ್ತಿ ಬೇರೆ. ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ನೇಕ್ ಚಂದ್ ಒಂದು ಕಲ್ಪನೆಯ ರಾಜ್ಯ ಕಟ್ಟಿದರು. ಸೊಲಬಕ್ಕನವರ ಕಟ್ಟಿದ್ದು ತಾವು ಕಂಡುಂಡ ಹಳ್ಳಿಯನ್ನು. ಕುಲುಮೆಯ ಮುಂದೆ ಕಮ್ಮಾರ, ತಿಗರಿಯ ಮುಂದೆ ಕುಂಬಾರ, ಹಾಲು ಹಿಂಡುವ ಹೆಂಗಸು, ಬೀಸುವ ಅಜ್ಜಿ, ಗರಡಿಯ ಪೈಲ್ವಾನರು, ಬುಗುರಿ-ಗೋಲಿಯ ಮಕ್ಕಳು, ಎತ್ತು, ಎಮ್ಮೆ ಎಲ್ಲ ಅಳತೆಗೆ ಸರಿಯಾಗಿ ನಿಂತಿವೆ. ವರನಟ ರಾಜಕುಮಾರರ ಪಾತ್ರಗಳಿಗೂ ಅಲ್ಲಿ ದೊಡ್ಡ ಜಾಗವಿದೆ.

ಈ ಶಿಲ್ಪಗಳು ಕಟ್ಟುಕತೆಯ ಮುಖಗಳಲ್ಲ. ನಿಜವಾದ ಹಳ್ಳಿಗರನ್ನೇ ಮಾದರಿಯಾಗಿಟ್ಟು ಮಾಡಿದವು. ಹಾಗಾಗಿ ಒಬ್ಬರ ಮೂಗು ಇನ್ನೊಬ್ಬರಿಗಿಲ್ಲ, ಒಬ್ಬರು ಕುಕ್ಕರುಗಾಲಲ್ಲಿ ಕೂತ ರೀತಿ ಇನ್ನೊಬ್ಬರದಲ್ಲ. ಬಾಗಿದ ಬೆನ್ನು, ಒಡೆದ ಹಿಮ್ಮಡಿ, ರುಮಾಲು ಸುತ್ತಿದ ಬಗೆ ನೋಡಿದವರಿಗೆ ತಮ್ಮೂರಿನ ಯಾರದೋ ಹೆಸರು ನೆನಪಾಗುತ್ತದೆ. ಸಾಮಗ್ರಿ ಕಬ್ಬಿಣದ ಸರಳು ಮತ್ತು ಸಿಮೆಂಟು, ಅಂದರೆ ಯಾವ ಹಳ್ಳಿಯಲ್ಲೂ ಮನೆ ಕಟ್ಟಲು ಸಿಗುವಂಥದ್ದು. ಹನ್ನೊಂದನೆಯ ಶತಮಾನದ ಶಿಲ್ಪಿ ಹತ್ತಿರದ ಬಳಪದ ಕಲ್ಲಿಗೆ ಕೈಹಾಕಿದ ಹಾಗೆಯೇ ಇವರು ಸಿಮೆಂಟಿಗೆ ಕೈಹಾಕಿದರು. ಅಮೃತಶಿಲೆ, ಕಂಚು ಸಿಗಲಿ ಎಂದು ಕಾಯಲಿಲ್ಲ.

ಸೊಲಬಕ್ಕನವರ ಕೈಯಲ್ಲಿ ಇನ್ನೊಂದು ಕಲೆಯೂ ಇತ್ತು. ಇಡೀ ರಾತ್ರಿ ನಡೆಯುವ ದೊಡ್ಡಾಟವನ್ನು ಇಂದಿನ ಪ್ರೇಕ್ಷಕರು ಕೂತು ನೋಡುವಷ್ಟಕ್ಕೆ ಕಿರಿದಾಗಿಸಿ, ಹೊಸದಾಗಿ ಕಟ್ಟಿ ಆಡಿಸಿದವರು ಅವರು. ಕಿರೀಟ, ಭುಜಕೀರ್ತಿ, ಎದೆಹಾರಗಳ ಆ ಲೋಕವನ್ನು ಬಲ್ಲ ಕಣ್ಣು ರಾಕ್ ಗಾರ್ಡನ್ನಿನ ಗುಂಪುಶಿಲ್ಪಗಳಲ್ಲೂ ಕೆಲಸ ಮಾಡಿದೆ. ಯಾರ ಮುಖ ಯಾರ ಕಡೆ ತಿರುಗಬೇಕು, ನಡುವೆ ಎಷ್ಟು ಜಾಗ ಬಿಡಬೇಕು ಎಂಬುದರಲ್ಲಿ ರಂಗದ ಲೆಕ್ಕಾಚಾರವಿದೆ. 2020ರಲ್ಲಿ ಅವರು ತೀರಿಕೊಂಡರು. ಅವರ ಮಗಳು ವೇದಾರಾಣಿ ದಾಸನೂರ ಮತ್ತು ಬಳಗದವರು ಆ ಕೆಲಸ ಮುಂದುವರಿಸಿದ್ದಾರೆ. ಗೊಟಗೋಡಿಯಲ್ಲೇ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಬಂದದ್ದು ಈ ಜಾಗಕ್ಕೆ ಸರಿಯಾದ ನೆರೆ.

ಮನುಷ್ಯರನ್ನು ನೋಡಿ ಶಿಲ್ಪ ಮಾಡುವುದು ಗೊಟಗೋಡಿಯ ಬಗೆಯಾದರೆ, ಮನುಷ್ಯರೇ ಶಿಲ್ಪವಾಗಿ ಕೂರುವುದು ರಾಣೆಬೆನ್ನೂರಿನ ಬಗೆ. ಹೋಳಿಯಲ್ಲಿ ಅಲ್ಲಿ ಇಬ್ಬರು ರತಿ-ಕಾಮಣ್ಣರ ವೇಷ ತೊಟ್ಟು ಗೊಂಬೆಗಳಂತೆ ಕೂರುತ್ತಾರೆ. ಅವರನ್ನು ನಗಿಸುವುದು ಜನರ ಪಂಥ. ಚೇಷ್ಟೆ, ಚಾಟಿಮಾತು, ಬಹುಮಾನದ ಆಸೆ ಯಾವುದಕ್ಕೂ ಅವರ ತುಟಿ ಅಲುಗುವುದಿಲ್ಲ. ಬಣ್ಣಗಾರನಿಗೆ, ವೇಷ ಕಟ್ಟುವವನಿಗೆ ಅಂದು ಕೈತುಂಬ ಕೆಲಸ. ಕಲಾಗ್ಯಾಲರಿ ಇಲ್ಲದ ಊರು ತನ್ನ ಪ್ರದರ್ಶನವನ್ನು ಬೀದಿಯಲ್ಲೇ ಏರ್ಪಡಿಸಿಕೊಂಡಿದೆ.

ಹಾವೇರಿ ಪೇಟೆಯ ಏಲಕ್ಕಿ ಮಾಲೆಯನ್ನು ಕಲೆಯ ಪಟ್ಟಿಗೆ ಸೇರಿಸಲು ಕೆಲವರು ಹಿಂಜರಿಯಬಹುದು. ಸೇರಿಸಲೇಬೇಕು. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ತೊಳೆದು ಬಿಳುಪಾಗಿಸುವ ಕಸುಬು ಈ ಊರಿಗೆ ಹಳೆಯದು. ‘ಏಲಕ್ಕಿ ಕಂಪಿನ ನಾಡು’ ಎಂಬ ಮಾತು ಅದರಿಂದ ಬಂತು. ದಾರದ ಕೆಲಸ ಬಲ್ಲ ಪಟವೇಗಾರರು ಆ ಏಲಕ್ಕಿಯನ್ನು ಗಾತ್ರಕ್ಕೆ ತಕ್ಕಂತೆ ಆಯ್ದು, ಎಳೆಗೆ ಎಳೆ ಪೋಣಿಸಿ, ಜರಿ, ಬಣ್ಣದ ಉಣ್ಣೆಯ ಗೊಂಡೆ ಸೇರಿಸಿ ಮಾಲೆ ಕಟ್ಟುತ್ತಾರೆ. ಕಾಯಿಗಳ ಬಣ್ಣ ಒಂದೇ ಆಗಿರಬೇಕು, ಎಳೆಗಳ ಇಳಿಜಾರು ಎರಡೂ ಕಡೆ ಸಮನಿರಬೇಕು, ತಿಂಗಳುಗಟ್ಟಲೆ ಗೋಡೆಗೆ ತೂಗಿದರೂ ಬಿಗಿ ಸಡಿಲಬಾರದು. ಪ್ರಧಾನಿ, ಮುಖ್ಯಮಂತ್ರಿಗಳ ಕೊರಳಿಗೆ ಬಿದ್ದ ಮಾಲೆಗಳ ಫೋಟೊ ಎಲ್ಲರೂ ನೋಡಿದ್ದಾರೆ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆದಾಗ ಊರಿನ ಗುರುತಾಗಿ ಎಲ್ಲರ ಬಾಯಲ್ಲಿದ್ದದ್ದೂ ಏಲಕ್ಕಿಯೇ. ಪೋಣಿಸಿದ ಬೆರಳುಗಳ ಫೋಟೊ ಇನ್ನೂ ಹೆಚ್ಚು ಬರಬೇಕು.

ಗುತ್ತಲದಲ್ಲಿ ಚದುರಿ ಬಿದ್ದ ಶಾಸನ, ವೀರಗಲ್ಲು, ಮೂರ್ತಿಗಳನ್ನು ಉಳಿಸುವ ಮಾತು ಈಚೆಗೆ ಜೋರಾಗಿದೆ. ಆ ಕೆಲಸ ನಡೆಯುವಾಗ ಊರಿನ ಮಕ್ಕಳ ಕೈಗೂ ಪೆನ್ಸಿಲ್ಲು-ಕಾಗದ ಕೊಡಬೇಕು. ಒಂದು ವೀರಗಲ್ಲನ್ನು ಚಿತ್ರವಾಗಿ ಬರೆದ ಹುಡುಗಿ ಅದರ ಮೇಲೆ ಬಟ್ಟೆ ಒಣಹಾಕುವುದಿಲ್ಲ, ಒಣಹಾಕಲು ಬಿಡುವುದೂ ಇಲ್ಲ.

ಚಿತ್ರ ಬರೆಯಲೆಂದೇ ಬರುವವರಿಗೆ ಕೆಲವು ಸೂಚನೆಗಳು. ಬೇಸಿಗೆಯಲ್ಲಿ ಹೊಳೆಸಾಲಿನ ಬಿಸಿಲು ಕಠಿಣ. ನವೆಂಬರಿನಿಂದ ಫೆಬ್ರುವರಿವರೆಗೆ ಅನುಕೂಲ. ಬೆಳಗಿನ ಎಳೆಬಿಸಿಲಿನಲ್ಲಿ ಚೌಡದಾನಪುರದ ಗೋಡೆಯ ಮೂಲೆಗಳು ಚೆನ್ನಾಗಿ ಬಿಡಿಸಿಕೊಳ್ಳುತ್ತವೆ. ಮಧ್ಯಾಹ್ನ ಗುತ್ತಲ, ಗಳಗನಾಥ. ಹಾವೇರಿಯ ಸಿದ್ಧೇಶ್ವರ ಗುಡಿಯನ್ನು ಮಾತ್ರ ಸಂಜೆಗೆ ಇಟ್ಟುಕೊಳ್ಳಬೇಕು. ಈ ಭಾಗದ ಬಹುಪಾಲು ಗುಡಿಗಳು ಮೂಡಣಕ್ಕೆ ಮುಖ ಮಾಡಿದ್ದರೆ ಅದು ಪಡುವಣಕ್ಕೆ ಮುಖ ಮಾಡಿದೆ. ನಾಲ್ಕೂವರೆಯ ಮೇಲೆ ಬೆಳಕು ನೇರ ಬಾಗಿಲಿಗೆ ಬೀಳುತ್ತದೆ. ಗೊಟಗೋಡಿಗೆ ಬೇರೆಯೇ ಒಂದು ದಿನ ಬೇಕು, ಮಕ್ಕಳಿದ್ದರೆ ಅದೂ ಸಾಲದು.