ಬಿದ್ದ ಹಿರಿಯರು ಮತ್ತೆ ಎದ್ದು ನಿಲ್ಲಬೇಕಾದರೆ: ಸಿರುಮುಗೈಯ ಮಗ್ಗದ ಮನೆಗಳು ಅರಿಯಬೇಕಾದ ಸಂಗತಿಗಳು

ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳ್ಯಂ ಸಮೀಪ, ಭವಾನಿ ನದಿಯ ದಡದಲ್ಲಿರುವ ಸಿರುಮುಗೈ ರೇಷ್ಮೆ ಸೀರೆಗಳ ಕೈಮಗ್ಗ ನೇಯ್ಗೆಗೆ ಹೆಸರಾದ ಊರು. ಇಲ್ಲಿ ತಲೆಮಾರುಗಳಿಂದ ಮಗ್ಗವನ್ನೇ ನಂಬಿ ಬದುಕಿದವರಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ಕುಟುಂಬಗಳು ಇವೆ. ಅರವತ್ತು, ಎಪ್ಪತ್ತು ದಾಟಿದ ಮೇಲೂ ಲಾಳಿಯನ್ನು ಕೈಬಿಡದ ಹಿರಿಯರು ಈ ಮನೆಗಳ ಆಧಾರವಾಗಿದ್ದಾರೆ. ಅಂಥವರೊಬ್ಬರು ಬಚ್ಚಲಿನಲ್ಲಿ ಜಾರಿಯೋ, ಗುಂಡಿ ಮಗ್ಗದಿಂದ ಮೇಲೇಳುವಾಗ ಆಯತಪ್ಪಿಯೋ ಬಿದ್ದರೆ, ಮೊದಲ ಎರಡು ದಿನಗಳಲ್ಲಿ ಮನೆಯವರು ಕೈಗೊಳ್ಳುವ ತೀರ್ಮಾನವೇ ಅವರು ಮತ್ತೆ ನಡೆಯುವರೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ.

ಬೀಳುವುದು ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಮಂದಿ ಬಿದ್ದ ಪೆಟ್ಟಿನಿಂದ ಸಾಯುತ್ತಾರೆ. ಅವರಲ್ಲಿ ಅರವತ್ತು ಮೀರಿದವರೇ ಹೆಚ್ಚು. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕಿದೆ.

ಸಣ್ಣ ಬೀಳುವಿಕೆಗೆ ಮೂಳೆ ಮುರಿಯುವುದೇಕೆ?

ಇಪ್ಪತ್ತರ ಯುವಕ ನಿಂತ ನೆಲದಲ್ಲಿಯೇ ಬಿದ್ದರೆ ಮೈ ತರಚೀತು. ಎಪ್ಪತ್ತೈದರ ಅಜ್ಜಿ ಹಾಗೆಯೇ ಬಿದ್ದರೆ ಸೊಂಟದ ಕೀಲಿನಲ್ಲಿ ತೊಡೆಮೂಳೆ ಮುರಿಯಬಹುದು. ವಯಸ್ಸಾದಂತೆ ಮೂಳೆಯ ಒಳಗಿನ ಜಾಲರಿ ತೆಳುವಾಗುತ್ತ ಹೋಗುವುದೇ ಇದಕ್ಕೆ ಕಾರಣ. ವೈದ್ಯರು ಇದನ್ನು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಮೂಳೆ ಬೇಗ ಸವೆಯುವುದರಿಂದ ಹೆಂಗಸರಿಗೆ ಅಪಾಯ ಹೆಚ್ಚು. ಹಗಲೆಲ್ಲ ಮಗ್ಗದ ಮನೆಯೊಳಗೇ ಕುಳಿತವರ ಮೈಗೆ ಬಿಸಿಲು ತಾಕುವುದು ಕಡಿಮೆ. ಬಿಸಿಲಿಲ್ಲದಿದ್ದರೆ ದೇಹದಲ್ಲಿ ಡಿ ಜೀವಸತ್ವ ಸಾಲದು, ಅದು ಸಾಲದಿದ್ದರೆ ತಿಂದ ಸುಣ್ಣದ ಅಂಶ ಮೂಳೆಗೆ ಸರಿಯಾಗಿ ಸೇರದು.

ಬಿದ್ದವರು ಎದ್ದು ನಿಲ್ಲಲಾರದೆ ಹೋದರೆ, ಒಂದು ಕಾಲು ಮತ್ತೊಂದಕ್ಕಿಂತ ಗಿಡ್ಡವಾಗಿ ಪಾದ ಹೊರಗಡೆಗೆ ತಿರುಗಿಕೊಂಡಿದ್ದರೆ, ತೊಡೆಸಂದಿಯಲ್ಲಿ ತೀವ್ರ ನೋವಿದ್ದರೆ, ಸೊಂಟದ ಬಳಿ ಮೂಳೆ ಮುರಿದಿದೆಯೆಂದೇ ಭಾವಿಸಬೇಕು. ಎಣ್ಣೆ ಹಚ್ಚಿ ತಿಕ್ಕಬಾರದು, ನಡೆಸಿ ನೋಡಬಾರದು. ಕಾಲನ್ನು ಅಲುಗಿಸದೆ 108ಕ್ಕೆ ಕರೆ ಮಾಡಬೇಕು. ದಿನವೂ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಜೊತೆಯಲ್ಲಿ ಒಯ್ಯಬೇಕು. ಹೃದಯದ ತೊಂದರೆಗಾಗಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿದ್ದರೆ ಅದನ್ನು ಮೊದಲೇ ತಿಳಿಸಬೇಕು.

ತಲೆಗೆ ಪೆಟ್ಟು ಬಿದ್ದಿದ್ದರೆ ಈ ಕೊನೆಯ ಮಾತು ಇನ್ನೂ ಮುಖ್ಯ. ಹಿರಿಯರಲ್ಲಿ ತಲೆಬುರುಡೆಯೊಳಗಿನ ರಕ್ತಸ್ರಾವ ನಿಧಾನವಾಗಿ ಬೆಳೆಯುವುದುಂಟು. ಬಿದ್ದ ದಿನ ಚೆನ್ನಾಗಿದ್ದವರಿಗೆ ಎರಡು ಮೂರು ವಾರಗಳ ನಂತರ ತಲೆನೋವು, ಮಂಕು, ಒಂದು ಬದಿಯ ಕೈಕಾಲು ಸೋಲುವುದು ಕಾಣಿಸಿಕೊಂಡರೆ, ಅದು ವಯಸ್ಸಿನ ದೋಷವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಟ್ಟು ಕಟ್ಟಿಸಿದರೆ ಸಾಲದೇ?

ಆಂಧ್ರದ ಪುತ್ತೂರಿನ ಹೆಸರು ಹೊತ್ತ ಮೂಳೆಕಟ್ಟು ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ ಪರಿಚಿತ. ಕೈಯ ಮೂಳೆಯನ್ನು ಅಲುಗದಂತೆ ಹಿಡಿದಿಡಲು ಕಟ್ಟಿಗೆ ಸಾಧ್ಯ. ಆದರೆ ಸೊಂಟದ ಕೀಲು ದಪ್ಪ ಸ್ನಾಯುಗಳ ಒಳಗೆ ಹುದುಗಿರುತ್ತದೆ. ಹೊರಗಿನ ಯಾವ ಕಟ್ಟೂ ಅದನ್ನು ಹಿಡಿದು ನಿಲ್ಲಿಸಲಾರದು. ಇದಲ್ಲದೆ, ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ಬಹುಪಾಲು ಅದರ ಕತ್ತಿನ ಮೂಲಕ. ಕತ್ತು ಮುರಿದು ಸರಿದರೆ ರಕ್ತದ ದಾರಿಯೂ ಕಡಿದು, ಮೂಳೆ ತಾನಾಗಿ ಕೂಡಿಕೊಳ್ಳುವ ಆಸೆ ಇಲ್ಲವಾಗುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಕೃತಕ ಕೀಲನ್ನು ಜೋಡಿಸುತ್ತಾರೆ. ಕತ್ತಿನ ಕೆಳಗೆ ಮುರಿದಿದ್ದರೆ ಮೂಳೆಯೊಳಗೆ ಲೋಹದ ಸರಳನ್ನೋ, ಹೊರಗೆ ಪಟ್ಟಿಯನ್ನೋ ಕೂಡಿಸುತ್ತಾರೆ.

‘ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ, ಇದ್ದಷ್ಟು ದಿನ ಹಾಸಿಗೆಯಲ್ಲಿ ನೋಡಿಕೊಳ್ಳೋಣ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಅಪಾಯ ಹೆಚ್ಚಿರುವುದು ಹಾಸಿಗೆಯಲ್ಲಿಯೇ. ಅಲುಗದೆ ಮಲಗಿದವರಿಗೆ ಶ್ವಾಸಕೋಶದ ಸೋಂಕು, ಬೆನ್ನಿನ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಬೆನ್ನಟ್ಟಿ ಬರುತ್ತವೆ. 2007ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೋಗ್ಯವಂತ ಹಿರಿಯರು ಕೇವಲ 10 ದಿನ ಹಾಸಿಗೆಯಲ್ಲಿದ್ದಾಗ ಅವರ ಕಾಲುಗಳು ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡವನ್ನು ಕಳೆದುಕೊಂಡಿದ್ದವು. ರೋಗವೇ ಇಲ್ಲದವರ ಪಾಡು ಇದಾದರೆ, ಮೂಳೆ ಮುರಿದು ಊಟ ಸೇರದವರ ಪಾಡನ್ನು ಊಹಿಸಬಹುದು.

ಸೊಂಟದ ಮೂಳೆ ಮುರಿದವರಲ್ಲಿ ಐವರಲ್ಲೊಬ್ಬರು, ಕೆಲವೆಡೆ ನಾಲ್ವರಲ್ಲೊಬ್ಬರು, ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತಿಳಿಸುತ್ತವೆ. ಆದ್ದರಿಂದಲೇ ದೇಹಸ್ಥಿತಿ ಅನುಮತಿಸಿದರೆ 24ರಿಂದ 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ನಡೆಯಬೇಕು, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಬೇಕು ಎಂಬುದು ಇಂದಿನ ವೈದ್ಯಕೀಯದ ನಿಲುವು. ವಯಸ್ಸೊಂದೇ ಶಸ್ತ್ರಚಿಕಿತ್ಸೆಯನ್ನು ತಡೆಯುವ ಕಾರಣವಲ್ಲ.

ಆಸ್ಪತ್ರೆಯಲ್ಲಿ ತಾಯ್ನುಡಿಯ ಕೆಲಸ

ಶಸ್ತ್ರಚಿಕಿತ್ಸೆಯ ನಂತರ ಹಲವು ಹಿರಿಯರಿಗೆ ಕೆಲವು ದಿನ ಬುದ್ಧಿಭ್ರಮೆ ಉಂಟಾಗುತ್ತದೆ. ಹಗಲು ರಾತ್ರಿ ತಿಳಿಯದು, ಮಕ್ಕಳ ಗುರುತು ಸಿಗದು, ಸಲೈನಿನ ಕೊಳವೆಯನ್ನು ಕಿತ್ತುಹಾಕುತ್ತಾರೆ. ಇದು ಹುಚ್ಚಲ್ಲ. ನೋವು, ಸೋಂಕು, ನೀರಿನ ಕೊರತೆ, ನಿದ್ದೆಗೇಡು, ಔಷಧಿ ಇವುಗಳಿಂದ ಬರುವ ಈ ಸ್ಥಿತಿ ಕಾರಣ ಹುಡುಕಿ ಉಪಚರಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ಸಿರುಮುಗೈಯ ಹಿರಿಯರು ತಮಿಳನ್ನು ಚೆನ್ನಾಗಿ ಬಲ್ಲವರು, ಸಂತೆಯಲ್ಲಿಯೂ ಕಚೇರಿಯಲ್ಲಿಯೂ ಅದನ್ನೇ ಆಡುವವರು. ಆದರೆ ಪ್ರಜ್ಞೆ ಮಸುಕಾದಾಗ ಅನೇಕರು ಮೊದಲು ಕಲಿತ ಮಾತಿಗೇ ಮರಳುವುದುಂಟು. ಮನೆಗನ್ನಡದಲ್ಲಿ ‘ನೀರು’ ಎಂದೋ ‘ನೋವು’ ಎಂದೋ ಕೇಳಿದ್ದು ಕನ್ನಡ ತಿಳಿಯದ ದಾದಿಗೆ ಬಡಬಡಿಕೆಯಂತೆ ತೋರಿದರೆ ಅದು ಆಕೆಯ ತಪ್ಪಲ್ಲ. ಆ ಅಂತರವನ್ನು ಮನೆಯವರು ತುಂಬಬೇಕು. ರೋಗಿಯ ಮನೆಮಾತು ಕನ್ನಡವೆಂದು ದಾಖಲಿಸುವಾಗಲೇ ಹೇಳಿರಿ. ಸರದಿಯಂತೆ ಒಬ್ಬರು ಬಳಿಯಲ್ಲಿದ್ದು ಅವರ ಮಾತಿನಲ್ಲಿಯೇ ಮೆಲ್ಲಗೆ ದಿನ, ಊರು, ಹೆಸರು ನೆನಪಿಸಿರಿ. ಕನ್ನಡಕವನ್ನೂ ಕಿವಿಯ ಸಾಧನವನ್ನೂ ಮರೆಯದೆ ತನ್ನಿರಿ.

ಎರಡೂ ಲಿಪಿಗಳನ್ನು ಬಲ್ಲ ಮಕ್ಕಳು ಇಲ್ಲಿ ದೊಡ್ಡ ಉಪಕಾರ ಮಾಡಬಲ್ಲರು. ನೀರು, ನೋವು, ತಲೆಸುತ್ತು, ಚಳಿ, ಉಸಿರು, ಮೂತ್ರ ಮುಂತಾದ ಇಪ್ಪತ್ತು ಕನ್ನಡ ಪದಗಳನ್ನು ತಮಿಳು ಅಕ್ಷರಗಳಲ್ಲಿ ಬರೆದು, ಎದುರಿಗೆ ತಮಿಳಿನ ಅರ್ಥ ಕೊಟ್ಟು, ಹಾಸಿಗೆಯ ಬಳಿ ಅಂಟಿಸಿದರೆ ಸಾಕು. ರಾತ್ರಿ ಪಾಳಿಯ ದಾದಿಗೂ ಅಜ್ಜಿಗೂ ನಡುವೆ ಅದೊಂದು ಸೇತುವೆಯಾದೀತು.

ಖರ್ಚು ಮತ್ತು ಸರ್ಕಾರದ ನೆರವು

ಮೇಟ್ಟುಪಾಳ್ಯದಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಸುಮಾರು 40 ಕಿಲೋಮೀಟರ್ ದೂರದ ಕೊಯಮತ್ತೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ, ಮೂಳೆ ಮತ್ತು ಅಪಘಾತ ಚಿಕಿತ್ಸೆಗೆ ದೇಶದಾಚೆಗೂ ಹೆಸರಾದ ಗಂಗಾ ಆಸ್ಪತ್ರೆಯೂ ಇವೆ. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯ ಕಾರ್ಡು ಇರುವ ಕುಟುಂಬ, ದಾಖಲಾಗುವಾಗಲೇ ಅದನ್ನು ತೋರಿಸಿ ಯಾವ ಚಿಕಿತ್ಸೆಗೆ ನೆರವು ದೊರೆಯುತ್ತದೆಂದು ವಿಚಾರಿಸಬೇಕು. ರಸ್ತೆ ಅಪಘಾತವಾಗಿದ್ದರೆ 2021ರ ಡಿಸೆಂಬರಿನಲ್ಲಿ ಆರಂಭವಾದ ‘ಇನ್ನುಯಿರ್ ಕಾಪ್ಪೋಂ’ ಯೋಜನೆಯಡಿ, ನೋಂದಾಯಿತ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆ ಉಚಿತ.

ಮನೆಗೆ ಮರಳಿದ ಮೇಲೆ ನೆನಪಿಡಬೇಕಾದದ್ದು ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ. ಜನರ ಬಳಿಗೇ ವೈದ್ಯ ಎಂಬುದು ಈ ಹೆಸರಿನ ಅರ್ಥ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಉದ್ಘಾಟನೆಯಾದ ಈ ಯೋಜನೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಗಳ ಜೊತೆಗೆ ಅಂಗಸಾಧನೆಯ ಚಿಕಿತ್ಸೆ, ಅಂದರೆ ಫಿಸಿಯೋಥೆರಪಿ, ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಬರುತ್ತದೆ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಯಿಸಬೇಕು. ಹಿರಿಯರಿಗೆ ಮಾಹಿತಿಯೋ ಸಹಾಯವೋ ಬೇಕಾದರೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಮನೆಯಲ್ಲಿ ಚೇತರಿಕೆ

ಚೇತರಿಕೆಗೆ ವಾರಗಳಲ್ಲ, ತಿಂಗಳುಗಳು ಬೇಕು. ಮೊದಲ ಮೂರು ತಿಂಗಳು ಮುಖ್ಯವಾದರೂ, ಬಲ ಒಂದು ವರ್ಷದವರೆಗೂ ಹೆಚ್ಚುತ್ತ ಹೋಗಬಹುದು. ಚಿಕಿತ್ಸಕರು ಕಲಿಸಿದ ವ್ಯಾಯಾಮವನ್ನು ದಿನಕ್ಕೆ ಒಮ್ಮೆ ಹೆಚ್ಚು ಹೊತ್ತು ಮಾಡಿಸುವುದಕ್ಕಿಂತ ಹಲವು ಬಾರಿ ಸ್ವಲ್ಪ ಸ್ವಲ್ಪ ಮಾಡಿಸುವುದು ಲೇಸು. ಗಂಜಿಯೊಂದರಿಂದಲೇ ಮಾಂಸಖಂಡ ಮರಳಿ ಬೆಳೆಯದು. 50 ಕಿಲೋ ತೂಕದ ಹಿರಿಯರಿಗೆ ಈ ಕಾಲದಲ್ಲಿ ದಿನಕ್ಕೆ 60 ಗ್ರಾಮಿನಷ್ಟು ಪ್ರೋಟೀನು ಬೇಕಾಗುತ್ತದೆ. ಬೇಳೆ, ಹುರುಳಿ, ಹಾಲು, ಮೊಸರು, ಮೊಟ್ಟೆ ಪ್ರತಿ ಹೊತ್ತಿನ ಊಟದಲ್ಲಿಯೂ ಸ್ವಲ್ಪ ಸ್ವಲ್ಪ ಇರಲಿ. ಸುಣ್ಣದ ಅಂಶಕ್ಕೆ ರಾಗಿಯಷ್ಟು ಒಳ್ಳೆಯ ಧಾನ್ಯ ಇನ್ನೊಂದಿಲ್ಲ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು.

ಒಮ್ಮೆ ಮುರಿದ ಮೂಳೆ ಮುಂದಿನ ಮುರಿತದ ಮುನ್ಸೂಚನೆ. ಮೂಳೆ ಗಟ್ಟಿಯಾಗಲು ವಾರಕ್ಕೊಮ್ಮೆ ನುಂಗುವ ಮಾತ್ರೆಗಳೂ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧಿಯೂ ಇವೆ. ಆಸ್ಪತ್ರೆಯಿಂದ ಹೊರಡುವ ಮುನ್ನ ಇದನ್ನು ಕೇಳದೆ ಬರಬಾರದು.

ಮಗ್ಗಕ್ಕೆ ಮರಳುವ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಜೀವಮಾನವಿಡೀ ನೇಯ್ದವರಿಗೆ ಕೆಲಸವೂ ಒಂದು ಔಷಧ. ಗುಂಡಿಯೊಳಗೆ ಇಳಿದು ಏರುವುದು ಕೂಡದೆಂದು ವೈದ್ಯರು ಹೇಳಿದರೂ, ಕುರ್ಚಿಯ ಮೇಲೆ ಕುಳಿತು ಕಂಡಿಕೆ ಸುತ್ತಬಹುದು, ಮೊಮ್ಮಕ್ಕಳಿಗೆ ಎಳೆ ಗಂಟು ಹಾಕುವುದನ್ನು ಕಲಿಸಬಹುದು.

ಬೀಳದಂತೆ ಕಾಯುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ. ಕೆಲಸವಿಲ್ಲದ ಹೊತ್ತಿನಲ್ಲಿ ಮಗ್ಗದ ಗುಂಡಿಯನ್ನು ಹಲಗೆಯಿಂದ ಮುಚ್ಚಿರಿ. ಮೇಲೇಳುವಾಗ ಹಿಡಿದುಕೊಳ್ಳಲು ಬಲವಾದ ಹಿಡಿಕೆಯೊಂದನ್ನು ಗೋಡೆಗೆ ಹಾಕಿಸಿರಿ. ಗಂಟೆಗಟ್ಟಲೆ ಕುಳಿತವರು ತಟಕ್ಕನೆ ಏಳದೆ, ಗುಂಡಿಯ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳಲಿ. ಬಚ್ಚಲಿನ ನೆಲ ಒಣಗಿರಲಿ, ರಾತ್ರಿ ಶೌಚಕ್ಕೆ ಹೋಗುವ ದಾರಿಯಲ್ಲಿ ದೀಪ ಉರಿಯುತ್ತಿರಲಿ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯಾಗಲಿ. ಒಂದು ಹಲಗೆ, ಒಂದು ಹಿಡಿಕೆ, ಒಂದು ದೀಪ: ಇವಿಷ್ಟನ್ನು ಈ ವಾರವೇ ಮಾಡಿಸಬಹುದು.