ಆಕಾಶದ ಚಿತ್ರಕ್ಕೆ ಎಂಥ ದುರ್ಬೀನು ಬೇಕು?

ದುರ್ಬೀನು ಎಂದೊಡನೆ ನಮ್ಮ ಕಡೆ ಕೇಳಿಬರುವ ಪ್ರಶ್ನೆ ಒಂದೇ: ‘ಅದರಾಗ ಎಷ್ಟು ದೊಡ್ಡದಾಗಿ ಕಾಣತೈತಿ?’ ಲಕ್ಷ್ಮೇಶ್ವರದವನೊಬ್ಬ, ಮುಂಡರಗಿಯವನೊಬ್ಬ, ಬೆಟಗೇರಿಯವನಾದ ನಾನು, ಹೀಗೆ ಮೂವರು ಸಹಪಾಠಿಗಳು ಕೂಡಿ ದುರ್ಬೀನೊಂದನ್ನು ಕೊಳ್ಳಲು ಹಣ ಕೂಡಿಸತೊಡಗಿ ಈಗ ಎರಡು ವರ್ಷಗಳಾದವು. ಗ್ರಹಗಳನ್ನು ದೊಡ್ಡದು ಮಾಡಿ ನೋಡುವುದು ನಮ್ಮ ಮುಖ್ಯ ಉದ್ದೇಶವಲ್ಲ. ಆಕಾಶಗಂಗೆಯ ವಿಶಾಲವಾದ ಭಾಗಗಳನ್ನು ಚಿತ್ರದಲ್ಲಿ ಹಿಡಿಯಬೇಕೆಂಬುದು ನಮ್ಮ ಹಂಬಲ. ಇದಕ್ಕೆ ಬೇಕಾಗುವ ದುರ್ಬೀನು ಒಂದು ಮೊಳ ಉದ್ದವೂ ಇರುವುದಿಲ್ಲ. ಹಾಗೇಕೆಂಬುದನ್ನು ತಿಳಿದಮಟ್ಟಿಗೆ ಇಲ್ಲಿ ವಿವರಿಸುವೆನು. ನಮ್ಮದು ಕಲಾ ಕಾಲೇಜು, ನಾನು ಇತಿಹಾಸದ ವಿದ್ಯಾರ್ಥಿ. ಆದುದರಿಂದ ಲೆಕ್ಕವಿಲ್ಲದೆ ಮಾತು ಮುಂದೆ ಸಾಗದಿರುವಲ್ಲಿ ಮಾತ್ರ ಲೆಕ್ಕವನ್ನು ತಂದಿದ್ದೇನೆ.

ಇತಿಹಾಸದಿಂದಲೇ ಪ್ರಾರಂಭಿಸಬಹುದು. ೧೮೬೮ನೆಯ ಆಗಸ್ಟ್ ೧೮ರಂದು ಖಗ್ರಾಸ ಸೂರ್ಯಗ್ರಹಣವಾದಾಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತನು ನಮ್ಮ ಜಮಖಂಡಿಯಲ್ಲಿ ಐದು ಅಂಗುಲದ ಮಸೂರದ ದುರ್ಬೀನನ್ನು ಹೂಡಿಕೊಂಡು ಕುಳಿತಿದ್ದನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನೀತ. ಆ ದಿನ ಮೋಡ ಕವಿದಿತ್ತು. ಮೋಡ ಬಿರಿದ ಅಲ್ಪಾವಕಾಶದಲ್ಲಿಯೇ ಆತನು ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಪ್ರಕಾಶಮಾನವಾದ ಗೆರೆಗಳನ್ನು ಕಂಡು, ಅವು ಉರಿಯುವ ಅನಿಲಗಳೆಂಬುದಕ್ಕೆ ಸಾಕ್ಷಿಯಾದನು. ದುರ್ಬೀನು ಸೂರ್ಯನ ಹಿಂದೆ ತಾನಾಗಿ ಸರಿಯುವಂತೆ ಅದಕ್ಕೆ ಗಡಿಯಾರದಂಥ ಯಂತ್ರವನ್ನು ಜೋಡಿಸಲಾಗಿತ್ತು. ಮೂರು ವರ್ಷಗಳ ತರುವಾಯ, ೧೮೭೧ನೆಯ ಡಿಸೆಂಬರ್ ೧೨ರಂದು, ಕಾಸರಗೋಡು ಸೀಮೆಯ ಬೇಕಲದಲ್ಲಿ ನಾರ್ಮನ್ ಲಾಕಿಯರನ ತಂಡ ಇನ್ನೊಂದು ಗ್ರಹಣಕ್ಕಾಗಿ ಬೀಡುಬಿಟ್ಟಿತ್ತು. ಅಲ್ಲಿ ಸೂರ್ಯನ ಪ್ರಭಾವಲಯದ ಛಾಯಾಚಿತ್ರಗಳನ್ನು ತೆಗೆದುದೂ ಮಸೂರದಿಂದಲೇ.

ಇನ್ನು ೧೯೮೦ನೆಯ ಫೆಬ್ರವರಿ ೧೬ರಂದು ಆ ನೆರಳು ಅಂಕೋಲೆ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆಯೇ ಹಾದುಹೋಯಿತು. ಭಾರತೀಯ ಖಗೋಲ ಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣಗಳನ್ನು ಹೂಡಿದ್ದರು. ಗದಗಿನಲ್ಲಿ ಹಾಡುಹಗಲೇ ಎರಡು ನಿಮಿಷಕ್ಕೂ ಮಿಕ್ಕಿ ಕತ್ತಲಾಯಿತು. ನಮ್ಮ ಓಣಿಯ ಹಿರಿಯರು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರಂತೆ. ನೆತ್ತಿಯ ಮೇಲೆ ನಡೆದುಹೋದ ಆ ದೃಶ್ಯದ ಒಂದೇ ಒಂದು ಚಿತ್ರವೂ ನಮ್ಮ ಓಣಿಯ ಯಾವ ಮನೆಯಲ್ಲಿಯೂ ಇಲ್ಲ. ನೋಡುವವರು ಹೊರಗಿನಿಂದ ಬರಬೇಕು, ನಾವು ಬಾಗಿಲು ಹಾಕಿಕೊಳ್ಳಬೇಕು ಎಂಬ ಈ ಏರ್ಪಾಡು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಈಗ ವಿಷಯಕ್ಕೆ ಬರೋಣ. ಆಕಾಶದ ಚಿತ್ರ ತೆಗೆಯುವುದಕ್ಕಿರುವ ದೊಡ್ಡ ತೊಡಕೆಂದರೆ ಭೂಮಿಯ ತಿರುಗುವಿಕೆ. ಪಂಚಾಂಗ ನೋಡುವವರಿಗೆ ಅಂಶ, ಕಲೆ, ವಿಕಲೆಗಳ ಪರಿಚಯವುಂಟು: ಒಂದು ಅಂಶಕ್ಕೆ ೬೦ ಕಲೆ, ಒಂದು ಕಲೆಗೆ ೬೦ ವಿಕಲೆ. ನಕ್ಷತ್ರಗಳು ಗಂಟೆಗೆ ೧೫ ಅಂಶ, ಎಂದರೆ ಸೆಕೆಂಡಿಗೆ ೧೫ ವಿಕಲೆಯಷ್ಟು ಪಶ್ಚಿಮಕ್ಕೆ ಸರಿಯುತ್ತವೆ. ಮಂದವಾದ ನೀಹಾರಿಕೆಯ ಬೆಳಕನ್ನು ಕೂಡಿಸಿಕೊಳ್ಳಲು ಕ್ಯಾಮೆರಾ ನಿಮಿಷಗಟ್ಟಲೆ ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಗೆರೆಯಾಗುತ್ತದೆ. ಆದುದರಿಂದ ಕೊಳವೆ ನಕ್ಷತ್ರದೊಡನೆ ಸರಿಯಬೇಕು. ಸರಿಯುವಾಗ ತಪ್ಪಿದರೆ ಯಾರಾದರೂ ತಿದ್ದಬೇಕು. ಹೀಗೆ ತಿದ್ದುವುದಕ್ಕೆ ಗೈಡಿಂಗ್ ಎಂದು ಹೆಸರು.

ಈ ವಿದ್ಯೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದವನು ಅಮೆರಿಕದ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. ೧೮೫೭ರಲ್ಲಿ ನ್ಯಾಶ್‌ವಿಲ್ಲಿನ ಕಡುಬಡತನದ ಮನೆಯಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿಯೇ ಫೋಟೋ ಅಂಗಡಿಯೊಂದಕ್ಕೆ ದುಡಿಯಲು ಸೇರಿದನು. ಅಲ್ಲಿ ಬಿಸಿಲಿನಿಂದ ಚಿತ್ರಗಳನ್ನು ದೊಡ್ಡದು ಮಾಡುವ ಭಾರಿ ಯಂತ್ರವೊಂದಿತ್ತು. ಅದರ ಚಕ್ರಗಳನ್ನು ತಿರುಗಿಸಿ ದಿನವಿಡೀ ಅದು ಸೂರ್ಯನ ಕಡೆಗೇ ಮುಖಮಾಡಿರುವಂತೆ ನೋಡಿಕೊಳ್ಳುವುದೇ ಆ ಹುಡುಗನ ಕೆಲಸ. ಮುಂದೆ ಲಿಕ್ ವೀಕ್ಷಣಾಲಯಕ್ಕೆ ಹೋದ ಮೇಲೆ ಮುಖಚಿತ್ರ ತೆಗೆಯಲೆಂದು ಮಾಡಿದ್ದ ಹಳೆಯ ಆರು ಅಂಗುಲದ ಮಸೂರವೊಂದನ್ನು ದುರ್ಬೀನಿಗೆ ಕಟ್ಟಿ, ೧೮೮೯ರಿಂದ ಆಕಾಶಗಂಗೆಯ ಚಿತ್ರಗಳನ್ನು ತೆಗೆದನು. ಮಸೂರ ಚಿತ್ರ ಹಿಡಿಯುತ್ತಿರುವಾಗ ಆತನು ಪಕ್ಕದ ದುರ್ಬೀನಿನಲ್ಲಿ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ಗಂಟೆಗಟ್ಟಲೆ ಕೈಯಿಂದಲೇ ತಿದ್ದುತ್ತಿದ್ದನು. ಇಂದು ಆ ಕಣ್ಣಿನ ಸ್ಥಳದಲ್ಲಿ ಚಿಕ್ಕ ಕ್ಯಾಮೆರಾ, ಕೈಯ ಸ್ಥಳದಲ್ಲಿ ಗಣಕಯಂತ್ರ ಬಂದಿವೆ. ಕೆಲಸ ಮಾತ್ರ ಅದೇ.

ಮಸೂರವೇ ಏಕೆ, ಕನ್ನಡಿಯ ದುರ್ಬೀನು ಏಕಲ್ಲ? ಅದೇ ಹಣಕ್ಕೆ ಕನ್ನಡಿಯದು ಹೆಚ್ಚು ಅಗಲವಾಗಿ ದೊರೆಯುವುದೆಂಬುದು ನಿಜ. ಆದರೆ ಕನ್ನಡಿಗಳನ್ನು ಆಗಾಗ್ಗೆ ಒಂದೇ ನೇರಕ್ಕೆ ತಂದುಕೊಳ್ಳಬೇಕು. ಬಸ್ಸಿನಲ್ಲಿ ಶಿರಹಟ್ಟಿಯವರೆಗೆ ಕುಲುಕಿಸಿಕೊಂಡು ಹೋದರೆ ಅದು ಮತ್ತೆ ತಪ್ಪುತ್ತದೆ. ಅದರ ಉದ್ದನೆಯ ಕೊಳವೆ ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ನಮ್ಮ ನಾಡಿನ ಗಾಳಿ ಎಂಥದೆಂಬುದನ್ನು ಬಲ್ಲವರೇ! ಗಿಡ್ಡ ಮಸೂರದ ಕೊಳವೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ತೆಗೆದೊಡನೆ ಕೆಲಸಕ್ಕೆ ಹೂಡಬಹುದು.

ಮಸೂರಕ್ಕೆ ಇರುವ ದೋಷ ಬಣ್ಣದ್ದು. ಇದನ್ನು ಗದಗಿನವರಿಗೆ ವಿವರಿಸುವುದು ಸುಲಭ, ಏಕೆಂದರೆ ನಮ್ಮ ಊರು ಮುದ್ರಣಕಾಶಿ. ನಾನು ಸಂಜೆಯ ಹೊತ್ತು ಒಂದು ಮುದ್ರಣಾಲಯದಲ್ಲಿ ದುಡಿಯುತ್ತೇನೆ. ಬಣ್ಣದ ಲಗ್ನಪತ್ರಿಕೆಗೆ ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಅಚ್ಚು ಒಂದರ ಮೇಲೊಂದು ಬೀಳಬೇಕು. ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ. ಆಗ ನಮ್ಮ ಹಿರಿಯ ಕೆಲಸಗಾರರು, ‘ತಮ್ಮಾ, ರಜಿಸ್ಟರ್ ಕೂತಿಲ್ಲ ನೋಡು, ಮಷೀನ್ ನಿಲ್ಸು’ ಎನ್ನುತ್ತಾರೆ. ಮಸೂರವೂ ಹೀಗೆಯೇ. ಬೇರೆ ಬೇರೆ ಬಣ್ಣಗಳನ್ನು ಗಾಜು ಬೇರೆ ಬೇರೆ ಮಟ್ಟದಲ್ಲಿ ಬಗ್ಗಿಸುವುದರಿಂದ ಅವೆಲ್ಲ ಒಂದೇ ಕಡೆ ಕೂಡುವುದಿಲ್ಲ. ಎರಡು ಜಾತಿಯ ಗಾಜುಗಳನ್ನು ಜೋಡಿಸಿದ ಸಾಧಾರಣ ಮಸೂರ ಎರಡು ಬಣ್ಣಗಳನ್ನು ಒಂದುಗೂಡಿಸುತ್ತದೆ. ನೇರಳೆ ಮಾತ್ರ ಹೊರಗೆ ಉಳಿದು ಪ್ರಖರ ನಕ್ಷತ್ರಗಳ ಸುತ್ತ ಹೊಗೆಯಂತೆ ಕವಿಯುತ್ತದೆ. ನಮ್ಮ ಕಣ್ಣಿಗೆ ನೇರಳೆ ಅಷ್ಟಾಗಿ ಕಾಣದು, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆ. ಇದನ್ನು ಬಹುಮಟ್ಟಿಗೆ ತಗ್ಗಿಸಲು ಇ.ಡಿ. ಎಂಬ ವಿಶೇಷ ಗಾಜನ್ನು ಬಳಸುತ್ತಾರೆ. ಮೂರು ಗಾಜಿನ ಮಸೂರ ಇನ್ನೂ ಉತ್ತಮ. ಆದರೆ ಅದಕ್ಕೆ ಬೆಲೆ ಹೆಚ್ಚು, ಭಾರವೂ ಹೆಚ್ಚು. ಚಿತ್ರ ತೆಗೆಯಲು ನಮ್ಮಂಥವರಿಗೆ ಎರಡು ಗಾಜಿನ ಇ.ಡಿ. ಮಸೂರ ಸಾಕೆಂಬುದು ನನ್ನ ಅಭಿಪ್ರಾಯ.

ಗೈಡಿಂಗ್ ಮಾಡುವ ಕೊಳವೆಗೆ ಮಾತ್ರ ಈ ಖರ್ಚು ಬೇಕಾಗಿಯೇ ಇಲ್ಲ. ಅದು ನಕ್ಷತ್ರದ ಚುಕ್ಕೆಯ ನಡುಭಾಗ ಎಲ್ಲಿದೆಯೆಂದು ತಿಳಿಸಿದರೆ ಮುಗಿಯಿತು. ಅಲ್ಲಿ ಸಾಧಾರಣ ಗಾಜಿನ ೩೦ ಮಿಲಿಮೀಟರಿನ ಪುಟ್ಟ ಕೊಳವೆಯೂ ನಡೆಯುತ್ತದೆ. ಹೇಗೆಂಬುದಕ್ಕೆ ಒಂದು ಲೆಕ್ಕ. ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದ ಎಷ್ಟು ವಿಕಲೆಯನ್ನು ನೋಡುವುದೆಂದು ತಿಳಿಯಲು ಪಿಕ್ಸೆಲಿನ ಅಳತೆಯನ್ನು ಮೈಕ್ರಾನಿನಲ್ಲಿ ಬರೆದು, ೨೦೬ರಿಂದ ಗುಣಿಸಿ, ಮಸೂರದ ನಾಭಿದೂರದ ಮಿಲಿಮೀಟರಿನಿಂದ ಭಾಗಿಸಬೇಕು. ೩೬೦ ಮಿಲಿಮೀಟರ್ ನಾಭಿದೂರ, ೩.೭೬ ಮೈಕ್ರಾನ್ ಪಿಕ್ಸೆಲ್ ಇದ್ದರೆ ಸುಮಾರು ೨.೧೫ ವಿಕಲೆ ಬರುತ್ತದೆ. (ನಿಂತಲ್ಲೇ ನಿಂತ ಕ್ಯಾಮೆರಾದಲ್ಲಿ ನಕ್ಷತ್ರವು ಒಂದು ಸೆಕೆಂಡಿನಲ್ಲಿ ಏಳು ಪಿಕ್ಸೆಲ್ ದಾಟುವುದೆಂದಾಯಿತು!) ೧೨೦ ಮಿಲಿಮೀಟರ್ ನಾಭಿದೂರದ ಗೈಡಿಂಗ್ ಕೊಳವೆಯಲ್ಲಿ ಅಂಥದೇ ಪಿಕ್ಸೆಲ್ ಸುಮಾರು ಆರೂವರೆ ವಿಕಲೆಯನ್ನು ನೋಡುತ್ತದೆ. ಚುಕ್ಕೆಯ ಬೆಳಕು ಹಲವು ಪಿಕ್ಸೆಲುಗಳ ಮೇಲೆ ಹರಡಿರುವುದರಿಂದ ಗಣಕಯಂತ್ರವು ಅದರ ನಡುವನ್ನು ಒಂದು ಪಿಕ್ಸೆಲಿನ ಸಣ್ಣ ಭಾಗದವರೆಗೂ ಎಣಿಸಬಲ್ಲದು. ಆದುದರಿಂದ ಮೂರರಷ್ಟು ಅಂತರ ಬಾಧಕವಲ್ಲ. ನಿಜವಾದ ಬಾಧೆ ಬೇರೆಡೆಯಿಂದ ಬರುತ್ತದೆ: ಎರಡು ಕೊಳವೆಗಳನ್ನು ಬಿಗಿದ ಕಟ್ಟು ಸಡಿಲವಿದ್ದರೆ ಒಂದು ನೋಡಿದುದನ್ನು ಇನ್ನೊಂದು ನೋಡುವುದಿಲ್ಲ, ತಿದ್ದಿದುದೆಲ್ಲ ವ್ಯರ್ಥ. ಕಟ್ಟು ಲೋಹದ್ದೇ ಇರಬೇಕು.

ವಿಶಾಲ ನೋಟಕ್ಕೆ ನಾಭಿದೂರ ಕಡಿಮೆ ಇರಬೇಕೆಂಬುದು ಈ ಲೆಕ್ಕದಿಂದಲೇ ಹೊರಡುತ್ತದೆ. ಸಾಧಾರಣ ಡಿಜಿಟಲ್ ಕ್ಯಾಮೆರಾದ ೨೨ ಮಿಲಿಮೀಟರ್ ಅಗಲದ ಸೆನ್ಸರ್ ೩೬೦ ಮಿಲಿಮೀಟರಿನ ಹಿಂದೆ ಕುಳಿತರೆ ಆಕಾಶದ ಮೂರೂವರೆ ಅಂಶ ಸಿಕ್ಕುತ್ತದೆ, ಎಂದರೆ ಏಳು ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು. ಮೂರು ಅಂಶ ಉದ್ದದ ದೇವಯಾನಿ ಗೆಲಾಕ್ಸಿ ಇಡಿಯಾಗಿ ಹಿಡಿಸುತ್ತದೆ. ಕೃತ್ತಿಕೆಯೂ ಅದರ ಸುತ್ತಲಿನ ಧೂಳಿನ ಮೋಡವೂ ಹಿಡಿಸುತ್ತವೆ. ಒಂದು ಸಾವಿರ ಮಿಲಿಮೀಟರಿನ ದೊಡ್ಡ ದುರ್ಬೀನಿಗೆ ಇದೇ ಕ್ಯಾಮೆರಾ ಹಾಕಿದರೆ ದೇವಯಾನಿಯ ಹೊಟ್ಟೆ ಮಾತ್ರ ಕಂಡೀತು.

ಮಸೂರದ ನೋಟದ ಅಂಚು ಬಾಗಿರುತ್ತದೆ. ಅದನ್ನು ಸಮಮಾಡುವ ಫ್ಲ್ಯಾಟನರ್ ಎಂಬ ಗಾಜನ್ನು ಕೊಳವೆಯೊಡನೆಯೇ ಕೊಳ್ಳಬೇಕು. ಕ್ಯಾಮೆರಾದ ಭಾರಕ್ಕೆ ಫೋಕಸ್ ಮಾಡುವ ಭಾಗ ಜಗ್ಗುವುದೋ ಹೇಗೆಂದು ಕೈಯಿಂದ ಅಲ್ಲಾಡಿಸಿ ನೋಡಬೇಕು. ಇನ್ನು ಯಾವ ದುರ್ಬೀನಿನಿಂದಲೇ ಆಗಲಿ, ಮುಂಭಾಗಕ್ಕೆ ಸರಿಯಾದ ಸೌರ ಫಿಲ್ಟರ್ ಇಲ್ಲದೆ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ.

ಇಷ್ಟಾದರೂ ಹಣದ ದೊಡ್ಡ ಪಾಲು ಕೊಳವೆಗೆ ಹೋಗಬಾರದು, ಅದನ್ನು ಹೊತ್ತು ತಿರುಗುವ ಪೀಠಕ್ಕೆ ಹೋಗಬೇಕು. ಪೀಠದ ಅಕ್ಷ ಧ್ರುವನತ್ತ ಮುಖಮಾಡಿರಬೇಕು. ಧ್ರುವನು ದಿಗಂತದಿಂದ ನಮ್ಮೂರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತಾನೆ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ಅದು ಸುಮಾರು ೧೫ ಅಂಶ. ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು. ಬೇಸಿಗೆಯ ಧೂಳಿನಲ್ಲಿ, ಮನೆಗಳ ಸಂದಿಯಲ್ಲಿ ಅವನು ಕಾಣುವುದೇ ಇಲ್ಲ. ಉತ್ತರಕ್ಕೆ ಗುಡ್ಡ ಅಡ್ಡಬಂದ ಹೊಲವೂ ಕೆಲಸಕ್ಕೆ ಬಾರದು. ಕೆಲವು ಪೀಠಗಳ ಕೋನ ಇಷ್ಟು ಕೆಳಗೆ ಇಳಿಯುವುದಿಲ್ಲ, ಇಳಿದರೂ ತೂಕದ ಗುಂಡು ಮುಕ್ಕಾಲಿಗೆ ತಾಗುತ್ತದೆ. ಕೊಳ್ಳುವ ಮೊದಲು ಇದೊಂದನ್ನು ಕೇಳಲೇಬೇಕು. ಪೀಠವು ಹೊರಬಲ್ಲುದೆಂದು ಬರೆದಿರುವ ಭಾರದ ಅರ್ಧವನ್ನಷ್ಟೇ ಹೊರಿಸುವುದು ಕ್ಷೇಮ. ಕೊಳವೆ ಚಿಕ್ಕದಿರಲೆನ್ನುವುದಕ್ಕೆ ಇದೂ ಒಂದು ಕಾರಣ.

ಆ ೧೫ ಅಂಶವೇ ನಮಗೊಂದು ಭಾಗ್ಯವನ್ನೂ ಕೊಟ್ಟಿದೆ. ಲಂಡನ್ನಿನವನಿಗೆ ಆಕಾಶಗಂಗೆಯ ಕೇಂದ್ರ ದಿಗಂತದಿಂದ ಹತ್ತು ಅಂಶವೂ ಮೇಲೇರದು; ವೃಶ್ಚಿಕ, ಧನುಗಳ ನಡುವಿನ ಆ ಭಾಗ ನಮಗೆ ೪೫ ಅಂಶ ಏರುತ್ತದೆ. ಬೆಟಗೇರಿಯ ನಮ್ಮ ಮಾಳಿಗೆಯಿಂದ ಬೀದಿದೀಪಗಳ ದೆಸೆಯಿಂದ ಅದು ಕಾಣುವುದಿಲ್ಲ. ಶಿರಹಟ್ಟಿಯ ಆಚೆಯ ಹೊಲದಲ್ಲಿ ಮಾರ್ಚಿ ತಿಂಗಳ ಬೆಳಗಿನ ಜಾವ ಬರಿಗಣ್ಣಿಗೇ ಕಾಣುತ್ತದೆ. ಇನ್ನೆಷ್ಟು ವರ್ಷ ಹಾಗೆ ಕಂಡೀತೋ ಹೇಳಬರುವಂತಿಲ್ಲ. ಹೊಲಗಳ ಅಂಚಿಗೂ ಬಿಳಿಯ ದೀಪಗಳು ಬರುತ್ತಿವೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ‘ಅಲ್ಲೋ ಮಗನ, ಇದರಿಂದ ನೌಕರಿ ಸಿಗತೈತೇನು?’ ಎಂದು ನೇಕಾರರಾದ ನಮ್ಮ ತಂದೆಯವರು ಕೇಳಿದರು. ಸಿಗುವುದಿಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ಒಳ್ಳೇದನ್ನ ತೊಗೊ, ಎರಡೆರಡು ಸಲ ತೊಗೊಳ್ಳಾಕ ಆಗೂದಿಲ್ಲ’ ಎಂದರು. ನಾನು ಚಿಕ್ಕ ಇ.ಡಿ. ಕೊಳವೆಯ ಪಕ್ಷ ವಹಿಸಿದುದಕ್ಕೆ ಆ ಮಾತೇ ಮುಖ್ಯ ಕಾರಣ. ಮುಂದೆಂದಾದರೂ ದೊಡ್ಡ ದುರ್ಬೀನು ಬಂದರೆ ಅದರ ಬೆನ್ನಿಗೆ ಇದೇ ಗೈಡಿಂಗ್ ಕೊಳವೆಯಾಗಿ ನಿಲ್ಲುತ್ತದೆ, ಕೊಂಡದ್ದು ವ್ಯರ್ಥವಾಗುವುದಿಲ್ಲ.

ಪೀಠ ಬಂದಿದೆ. ಸದ್ಯಕ್ಕೆ ಅದರ ಮೇಲೆ ಬರಿಯ ಕ್ಯಾಮೆರಾ ಇಟ್ಟು ಅಭ್ಯಾಸ ಮಾಡುತ್ತಿದ್ದೇವೆ. ೬೦ ಮಿಲಿಮೀಟರಿನ ಕೊಳವೆಗೆ ಇನ್ನು ಕೆಲವು ತಿಂಗಳ ಕೂಲಿ ಬೇಕು. ಅಷ್ಟರಲ್ಲಿ ಪರೀಕ್ಷೆ ಮುಗಿದು ಮೂವರೂ ಮೂರು ಊರಿಗೆ ಹೋಗುವೆವು. ಒಂದು ದುರ್ಬೀನನ್ನು ಮೂರು ಪಾಲು ಮಾಡಲಾಗದು. ಅದು ಕಾಲೇಜಿನಲ್ಲಿಯೇ ಇರಲಿ, ಮುಂದಿನ ವರ್ಷದವರು ಬಳಸಲಿ, ನಾವೂ ಬಂದಾಗ ಕೇಳಿ ಪಡೆಯುವೆವು ಎಂದು ನಿಶ್ಚಯಿಸಿದ್ದೇವೆ. ಇದಕ್ಕಾಗಿ ಪೂಜ್ಯ ಗುರುಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಬೀಗವಿರುವ, ಗೆದ್ದಲು ಹತ್ತದ ಕಬ್ಬಿಣದ ಕಪಾಟೊಂದು ಬೇಕು. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಅದರಲ್ಲಿಡುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಾವೇ ತಂದುಕೊಡುವೆವು.