ಹಾರ್ಮೋನ್ ಮಾತ್ರೆ, ಸ್ತನ ಕ್ಯಾನ್ಸರ್: ಭಯ ಎಷ್ಟು, ನಿಜ ಎಷ್ಟು?

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮಡಿಕೇರಿಯ ಜಡಿಮಳೆಯ ಚಳಿಯಲ್ಲೂ ಮೈ ಬಿಸಿಯೇರಿ ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟರೆ, ‘ಅದರಿಂದ ಕ್ಯಾನ್ಸರ್ ಬರುತ್ತಂತೆ’ ಎಂದು ಯಾರಾದರೂ ಹೆದರಿಸುತ್ತಾರೆ. ಆ ಭಯ ಪೂರ್ತಿ ಸುಳ್ಳಲ್ಲ. ಹಾಗೆಂದು ಎಲ್ಲರಿಗೂ ಒಂದೇ ಅಲ್ಲ.

ಅಂಡಾಶಯ ಕೊಡುವುದನ್ನು ನಿಲ್ಲಿಸಿದ ಈಸ್ಟ್ರೋಜನ್ ಹಾರ್ಮೋನನ್ನು ಮಾತ್ರೆಯಾಗಿಯೋ ಜೆಲ್ ಆಗಿಯೋ ಹೊರಗಿನಿಂದ ಕೊಡುವುದೇ ಎಚ್‌ಆರ್‌ಟಿ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ ಅಲ್ಲಿ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯಲು ಪ್ರೊಜೆಸ್ಟೋಜನ್ ಎಂಬ ಎರಡನೇ ಹಾರ್ಮೋನ್ ಸೇರಿಸುತ್ತಾರೆ. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜನ್ ಒಂದೇ ಸಾಕು. ಸ್ತನ ಕ್ಯಾನ್ಸರಿನ ಲೆಕ್ಕ ಬೇರೆಯಾಗುವುದು ಇಲ್ಲಿಯೇ.

ಭಯ ಹಬ್ಬಿದ್ದು 2002ರ ಜುಲೈನಲ್ಲಿ, ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದಿಂದ. ಅದರಲ್ಲಿ 16,608 ಮಹಿಳೆಯರಿದ್ದರು. ಯಾರಿಗೆ ಜೋಡಿ ಹಾರ್ಮೋನ್, ಯಾರಿಗೆ ಔಷಧಿಯಿಲ್ಲದ ಮಾತ್ರೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಲಾಗಿತ್ತು. ವರ್ಷಕ್ಕೆ 10,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಕಂಡದ್ದು ಹಾರ್ಮೋನ್ ಸಿಗದವರಲ್ಲಿ 30 ಮಂದಿಗೆ, ಸಿಕ್ಕವರಲ್ಲಿ 38 ಮಂದಿಗೆ. ‘ಶೇ. 26 ಹೆಚ್ಚಳ’ ಎಂದು ಸುದ್ದಿಯಾದದ್ದು ಇದೇ 8 ಜನರ ವ್ಯತ್ಯಾಸ. ಅಧ್ಯಯನದಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63 ಆಗಿತ್ತು ಎಂಬುದನ್ನೂ ನೆನಪಿಡಿ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಗರ್ಭಕೋಶವಿಲ್ಲದೆ ಈಸ್ಟ್ರೋಜನ್ ಮಾತ್ರ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. 2020ರಲ್ಲಿ ಪ್ರಕಟವಾದ ದೀರ್ಘಕಾಲದ ವರದಿಯಲ್ಲಿ ಅದು ಕಡಿಮೆಯೇ ಆಗಿತ್ತು.

2019ರ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ವರದಿ ಬೇರೆ ಮಾತು ಹೇಳುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಹಾರ್ಮೋನ್ ತೆಗೆದುಕೊಳ್ಳದ 100 ಮಹಿಳೆಯರಲ್ಲಿ 50ರಿಂದ 69ರ ವಯಸ್ಸಿನೊಳಗೆ ಸುಮಾರು 6 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. 50ರಲ್ಲಿ ಶುರುಮಾಡಿ 5 ವರ್ಷ ದಿನವೂ ಜೋಡಿ ಹಾರ್ಮೋನ್ ತೆಗೆದುಕೊಂಡರೆ ಸುಮಾರು 8 ಮಂದಿಗೆ. ಈಸ್ಟ್ರೋಜನ್ ಮಾತ್ರವಾದರೆ 200 ಮಂದಿಗೆ ಒಬ್ಬರಷ್ಟು ಹೆಚ್ಚು.

ಯಾವುದನ್ನು ನಂಬುವುದು? ಚೀಟಿ ಎತ್ತಿ ಹಂಚಿದ ಅಧ್ಯಯನಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಎರಡನೆಯದರಲ್ಲಿ ಮಾತ್ರೆ ಆರಿಸಿಕೊಂಡವರು ಮಹಿಳೆಯರೇ. ಹಾಗಾಗಿ ಅವರ ಬೇರೆ ಅಭ್ಯಾಸಗಳೂ ಲೆಕ್ಕದಲ್ಲಿ ಬೆರೆಯಬಹುದು. ಆದರೆ ಒಂಟಿಗಿಂತ ಜೋಡಿ ಹಾರ್ಮೋನಿನಲ್ಲಿ ಅಪಾಯ ಹೆಚ್ಚು ಎಂಬುದರಲ್ಲಿ ಎರಡೂ ಒಂದೇ ಮಾತು. ವರ್ಷಗಳು ಕಳೆದಂತೆ ಅದು ಏರುತ್ತದೆ. ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮಿನಿಂದ ಅಪಾಯ ಹೆಚ್ಚಿದ್ದು ಕಂಡಿಲ್ಲ.

ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು, ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿರುವವರು ತಾವಾಗಿ ಮಾತ್ರೆ ಶುರುಮಾಡಲೇಬಾರದು. 40ಕ್ಕೆ ಮೊದಲೇ ಮುಟ್ಟು ನಿಂತವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಅವರಿಗೆ ಮೂಳೆ, ಹೃದಯದ ರಕ್ಷಣೆಗಾಗಿ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಹಾರ್ಮೋನ್ ಕೊಡುವುದು ವಾಡಿಕೆ.

ಖರ್ಚು ತಿಂಗಳು ತಿಂಗಳು ಬರುವಂಥದ್ದು. ಆದ್ದರಿಂದ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಸಲಹೆಗೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗವಿದೆ. 30 ದಾಟಿದವರ ಸ್ತನ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಂಗೆ ಹೊರಡುವ ಮೊದಲು ಎಲ್ಲಿದೆ, ಎಷ್ಟು ಶುಲ್ಕ ಎಂದು ಫೋನಿನಲ್ಲೇ ತಿಳಿದುಕೊಳ್ಳಿ. ಮಾತ್ರೆ ಶುರುವಾದ ಮೇಲೆ ವರ್ಷಕ್ಕೊಮ್ಮೆ ಡಾಕ್ಟರನ್ನು ಕಂಡು ‘ಇನ್ನೂ ಬೇಕೇ?’ ಎಂದು ಕೇಳಿ. ನಡುವೆ ಸ್ತನದಲ್ಲಿ ಗಂಟು ಕೈಗೆ ಸಿಕ್ಕರೆ ಆ ದಿನಕ್ಕಾಗಿ ಕಾಯಬೇಡಿ, ಕೂಡಲೇ ಹೋಗಿ.